ಬಲಿತ ಕಾಂಕ್ರೀಟು ಬಿರಿಯುವ ಬಗೆ

ಕಾಂಕ್ರೀಟಿನ ಯೋಗ್ಯತೆಯನ್ನು ನಾವು ಹೆಚ್ಚಾಗಿ ಒಂದೇ ಅಂಕಿಯಿಂದ ಅಳೆಯುತ್ತೇವೆ. 28 ದಿನ ನೀರಿನಲ್ಲಿಟ್ಟ ಕ್ಯೂಬನ್ನು ಒತ್ತಿ ಪುಡಿಮಾಡಿ, ಎಷ್ಟು ಭಾರ ತಾಳಿತೆಂದು ಬರೆದುಕೊಳ್ಳುತ್ತೇವೆ. ಅದು ಹೇಗೆ ಬಿರಿಯುತ್ತದೆ, ವಯಸ್ಸಾದಂತೆ ಆ ಬಗೆ ಹೇಗೆ ಬದಲಾಗುತ್ತದೆ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಬಿರುಕಿನ ಶಾಸ್ತ್ರ ಹುಟ್ಟಿದ್ದು ಗಾಜಿನ ಮೇಲೆ, 1920ರಲ್ಲಿ, ಗ್ರಿಫಿತ್ ಅವರಿಂದ. ಅದನ್ನು ಕಾಂಕ್ರೀಟಿಗೆ ಅನ್ವಯಿಸಲು ಕಪ್ಲಾನ್ 1961ರಲ್ಲಿ ಕಚ್ಚು ಹಾಕಿದ ತೊಲೆಗಳನ್ನು ಮುರಿದು ನೋಡಿದರು. ಆದರೆ ಕಾಂಕ್ರೀಟು ಗಾಜಿನಂತೆ ಬಿರಿಯುವುದಿಲ್ಲ. ಬಿರುಕಿನ ತುದಿಯಲ್ಲಿ ನೂರಾರು ಸೂಕ್ಷ್ಮ ಸೀಳುಗಳಿರುತ್ತವೆ, ಬಿಟ್ಟ ಬಾಯಿಯ ಎರಡು ಬದಿಗಳನ್ನು ಜಲ್ಲಿಕಲ್ಲುಗಳು ಹಿಡಿದುಕೊಂಡಿರುತ್ತವೆ. 1976ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹಿಲ್ಲರ್‌ಬೋರ್ಗ್ ಮತ್ತು ಸಂಗಡಿಗರು ಈ ಹಿಡಿತವನ್ನೇ ಲೆಕ್ಕಕ್ಕೆ ತಂದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಅದೇ. ತೊಲೆ ದೊಡ್ಡದಾದಷ್ಟೂ ಅದು ಹೆಚ್ಚು ಥಟ್ಟನೆ ಮುರಿಯುವುದೇಕೆ ಎಂಬುದಕ್ಕೆ 1984ರಲ್ಲಿ ಬಾಜಾಂಟ್ ಸೂತ್ರ ಕೊಟ್ಟರು.

ವಯಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಹಿಲ್ಲರ್‌ಬೋರ್ಗ್ ಅಳತೆಯಿಂದಲೇ. ಬಿರುಕು ತೆರೆಯಲು ಬೇಕಾದ ಶಕ್ತಿಯನ್ನು ಸ್ಥಿತಿಸ್ಥಾಪಕ ಗುಣಾಂಕದಿಂದ ಗುಣಿಸಿ, ಎಳೆತ ತಾಳುವ ಬಲದ ವರ್ಗದಿಂದ ಭಾಗಿಸಿದರೆ ಒಂದು ಉದ್ದ ಬರುತ್ತದೆ. ಅದು ಕಡಿಮೆಯಾದಷ್ಟೂ ವಸ್ತು ಹೆಚ್ಚು ಪೆಡಸು. ಎಳೆಯ ಕಾಂಕ್ರೀಟಿನಲ್ಲಿ ಸಿಮೆಂಟಿನ ಗಾರೆ ಇನ್ನೂ ಮೆತ್ತಗಿರುವುದರಿಂದ ಬಿರುಕು ಕಲ್ಲುಗಳನ್ನು ಬಳಸಿಕೊಂಡು, ಸುತ್ತಾಡಿಕೊಂಡು ಸಾಗುತ್ತದೆ. ಗಾರೆ ಬಲಿತ ಮೇಲೆ, ಅದರಲ್ಲೂ ಹೆಚ್ಚು ಬಲದ ಕಾಂಕ್ರೀಟಿನಲ್ಲಿ, ಕಲ್ಲನ್ನೇ ಸೀಳಿಕೊಂಡು ನೇರ ಓಡುತ್ತದೆ. ಬಿರುಕಿನ ಶಕ್ತಿ ಮೊದಲ ದಿನಗಳಲ್ಲಿ ಬೇಗ ಏರುತ್ತದೆ. ಆಮೇಲಿನ ಏರಿಕೆಯ ಬಗ್ಗೆ ಪ್ರಯೋಗಾಲಯಗಳಲ್ಲಿ ಒಮ್ಮತವಿಲ್ಲ, ಆದರೆ ಬಲದ ವರ್ಗದ ಏರಿಕೆಗೆ ಅದು ಸಾಮಾನ್ಯವಾಗಿ ಸರಿಗಟ್ಟುವುದಿಲ್ಲ. ಹಾಗಾಗಿ ವಯಸ್ಸಾದ ಕಾಂಕ್ರೀಟು ಹೆಚ್ಚು ಭಾರ ಹೊರುತ್ತದೆ, ಮುರಿಯುವಾಗ ಮುನ್ಸೂಚನೆ ಕಡಿಮೆ ಕೊಡುತ್ತದೆ.

ಎಳವೆಗೂ ಅದರದೇ ಅಪಾಯಗಳಿವೆ. ಹಾಕಿದ ಮೊದಲ ಗಂಟೆಗಳಲ್ಲಿ ಚದರ ಮೀಟರಿಗೆ ತಾಸಿಗೆ ಸುಮಾರು 1 ಕೆ.ಜಿ.ಗಿಂತ ಹೆಚ್ಚು ನೀರು ಆವಿಯಾದರೆ ಮೇಲ್ಮೈ ಬಿರಿಯುವ ಸಂಭವ ಹೆಚ್ಚು. ನಂತರ ಸಿಮೆಂಟಿನ ಕಾವು ಆರುವಾಗ ದಪ್ಪ ಕಾಂಕ್ರೀಟು ಸೀಳುತ್ತದೆ. ಅಮೆರಿಕದ ಹೂವರ್ ಅಣೆಕಟ್ಟಿನೊಳಗೆ 1930ರ ದಶಕದಲ್ಲಿ ತಣ್ಣೀರಿನ ಕೊಳವೆಗಳನ್ನು ಹುದುಗಿಸಿದ್ದು ಅದಕ್ಕಾಗಿಯೇ. ಎಳೆಯ ಕಾಂಕ್ರೀಟು ಭಾರಕ್ಕೆ ನಿಧಾನವಾಗಿ ಬಗ್ಗಿ ಒತ್ತಡವನ್ನು ಸಡಿಲಿಸಿಕೊಳ್ಳುತ್ತದೆ, ಬಲಿತದ್ದಕ್ಕೆ ಆ ಸೌಲಭ್ಯ ಕಡಿಮೆ. ಇನ್ನು ಕಲ್ಲಿನೊಳಗಿನ ಸಿಲಿಕ ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ಉಬ್ಬುವ ರೋಗ ವರ್ಷಗಳ ನಂತರ ಕಾಣುತ್ತದೆ. ಕ್ಯಾಲಿಫೋರ್ನಿಯದ ಸ್ಟಾಂಟನ್ ಅದನ್ನು 1940ರಲ್ಲಿ ಗುರುತಿಸಿದರು. ಒಡಿಶಾದ ಹಿರಾಕುಡ್ ಅಣೆಕಟ್ಟನ್ನೂ ಅದು ಬಾಧಿಸಿದೆ.

ಅಣೆಕಟ್ಟು, ಸೇತುವೆಗಳಿಗೆ ಕ್ಯೂಬಿನ ಜೊತೆ ಕಚ್ಚು ತೊಲೆಯ ಪರೀಕ್ಷೆಯೂ ಕಡ್ಡಾಯವಾಗಬೇಕು. ಮನೆ ಕಟ್ಟಿಸುವವರು ಇಷ್ಟಾದರೂ ಮಾಡಿ: ಐಎಸ್ 456:2000 ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ, ಬಿರುಬಿಸಿಲಿನಲ್ಲಿ ಇನ್ನೂ ಹೆಚ್ಚು ದಿನ ಕ್ಯೂರಿಂಗ್ ಬೇಕು. ಮೂರನೆಯ ದಿನಕ್ಕೇ ತಾರಸಿಯನ್ನು ಒಣಗಲು ಬಿಡಬೇಡಿ.