‘ಪ್ಯಾರಿಷ್’ ಎಂಬ ಪದದ ಮೂಲ ಮತ್ತು ಅರ್ಥ

‘ನಿಮ್ಮದು ಯಾವ ಪ್ಯಾರಿಷ್?’ ಕರಾವಳಿಯ ಕಥೋಲಿಕರು ಎಲ್ಲಿ ಭೇಟಿಯಾದರೂ ಹೆಸರಿನ ನಂತರ ಬರುವ ಪ್ರಶ್ನೆ ಇದು. ಕನ್ನಡದಲ್ಲಿ ನಾವು ಇದನ್ನು ಧರ್ಮಕೇಂದ್ರ ಎನ್ನುತ್ತೇವೆ. ಕೊಂಕಣಿಯ ‘ಫಿರ್ಗಜ್’ ಪೋರ್ಚುಗೀಸರಿಂದ ಬಂದ ಪದ. ಯಾವ ಹೆಸರಿನಲ್ಲಿ ಕರೆದರೂ ನಮ್ಮ ಮನಸ್ಸಿಗೆ ಬರುವುದು ನಮ್ಮ ಇಗರ್ಜಿ, ನಮ್ಮ ವಾಳೆ, ಗುರಿಕಾರರು, ಅಜ್ಜ-ಅಜ್ಜಿಯರ ಸಮಾಧಿ ಇರುವ ಜಾಗ. ಒಟ್ಟಿನಲ್ಲಿ ಸ್ವಂತ ಊರು. ಆದರೆ ಪದದ ಮೂಲ ಅರ್ಥ ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿದೆ.

ಇಂಗ್ಲಿಷಿನ ‘ಪ್ಯಾರಿಷ್’ ಫ್ರೆಂಚ್ ಮತ್ತು ಲತೀನ್ ಭಾಷೆಗಳ ಮೂಲಕ ಗ್ರೀಕಿನ ‘ಪಾರೊಯ್ಕಿಯಾ’ದಿಂದ ಬಂದಿದೆ. ‘ಪಾರಾ’ ಎಂದರೆ ಬಳಿ, ‘ಒಯ್ಕೊಸ್’ ಎಂದರೆ ಮನೆ. ಹೀಗೆ ‘ಪಾರೊಯ್ಕೊಸ್’ ಮೊದಲು ನೆರೆಮನೆಯವನು. ಕ್ರಮೇಣ, ಊರಿನಲ್ಲಿ ವಾಸವಿದ್ದರೂ ಅಲ್ಲಿನ ಪೌರತ್ವವಿಲ್ಲದ ಪರಊರಿನವನಿಗೆ ಆ ಹೆಸರು ಬಂತು. ಅಂಥವನ ವಾಸವೇ ‘ಪಾರೊಯ್ಕಿಯಾ’.

ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ಅನುವಾದಿಸಿದವರು ಈ ಪದವನ್ನು ಧಾರಾಳವಾಗಿ ಬಳಸಿದರು. ಆದಿಕಾಂಡದ 23ನೇ ಅಧ್ಯಾಯದಲ್ಲಿ ಅಬ್ರಹಾಮನು ಸಾರಳ ಶವವನ್ನು ಹೂಳಲು ಊರವರ ಮುಂದೆ ನಿಂತು ಜಾಗ ಕೇಳುತ್ತಾನೆ. ತಾನು ಪರದೇಶಿ ಎಂದು ಅವನು ಹೇಳಿಕೊಳ್ಳುವಲ್ಲಿ ಗ್ರೀಕಿನಲ್ಲಿ ಇರುವುದು ‘ಪಾರೊಯ್ಕೊಸ್’. ಸಮಾಧಿಗೂ ಸ್ಥಳವಿಲ್ಲದವನ ಹೆಸರಿನಿಂದ ಸಮಾಧಿಸ್ಥಳ ಸಮೇತವಿರುವ ನಮ್ಮ ಧರ್ಮಕೇಂದ್ರಕ್ಕೆ ಹೆಸರು ಬಂತು ಎಂಬುದು ಯೋಚಿಸತಕ್ಕ ವಿಷಯ. ಎಮ್ಮಾವುವಿನ ದಾರಿಯಲ್ಲಿ ಪುನರುತ್ಥಾನಿ ಯೇಸುಸ್ವಾಮಿಯನ್ನು ಗುರುತಿಸದ ಕ್ಲೆಯೋಫ ಕೇಳುವ ಪ್ರಶ್ನೆಯಲ್ಲೂ ಇದೇ ಪದದ ಕ್ರಿಯಾರೂಪವಿದೆ (ಲೂಕ 24:18). ಜೆರುಸಲೇಮಿನಲ್ಲಿ ತಂಗಿರುವ ಯಾರೋ ಹೊರಗಿನವನು ಎಂದೇ ಅವನು ಭಾವಿಸಿದ್ದ.

ಆದಿ ಕ್ರೈಸ್ತರು ಈ ಹೆಸರನ್ನು ತಮಗೇ ಇಟ್ಟುಕೊಂಡರು. ಸಂತ ಪೇತ್ರರ ಮೊದಲನೆಯ ಪತ್ರ ಭಕ್ತಾದಿಗಳನ್ನು ಪ್ರವಾಸಿಗಳೆಂದೇ ಕರೆಯುತ್ತದೆ (2:11). ಮೊದಲನೆಯ ಶತಮಾನದ ಕೊನೆಯಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಬರೆದ, ಸಂತ ಕ್ಲೆಮೆಂತರ ಹೆಸರಿನಲ್ಲಿರುವ ಪತ್ರದ ಆರಂಭದಲ್ಲಿ ಎರಡೂ ಸಭೆಗಳು ಆಯಾ ಊರಿನಲ್ಲಿ ‘ತಂಗಿರುವ’ ಸಭೆಗಳು. ಸಂತ ಪೌಲರ ಹೆಸರಿನ ಎಫೆಸಿಯರ ಪತ್ರವಾದರೋ ಇನ್ನೊಂದು ಮುಖ ತೋರಿಸುತ್ತದೆ: ನೀವು ಇನ್ನು ‘ಪಾರೊಯ್ಕೊಸ್’ ಅಲ್ಲ, ದೇವರ ಮನೆಯವರು ಎಂಬುದು ಅಲ್ಲಿನ ಭಾವ (2:19).

ಮುಂದೆ ಈ ಪದ ಬಿಷಪರ ಅಧೀನದ ಇಡೀ ಪ್ರದೇಶಕ್ಕೆ, ಆಮೇಲೆ ಒಂದೊಂದು ಊರಿನ ಇಗರ್ಜಿಗೆ ಸೀಮಿತವಾಯಿತು. (‘ಡಯಾಸಿಸ್’ ಪದದಲ್ಲೂ ‘ಒಯ್ಕೊಸ್’ ಅಡಗಿದೆ, ಅದು ಮನೆವಾರ್ತೆಯ ಆಡಳಿತ.) 1563ರಲ್ಲಿ ತ್ರೆಂತ್ ಮಹಾಸಭೆ ಧರ್ಮಕೇಂದ್ರಗಳಿಗೆ ಸ್ಪಷ್ಟ ಗಡಿ ಇರಬೇಕೆಂದೂ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದೂ ವಿಧಿಸಿತು. ಗಡಿ ಬಂತು, ಪುಸ್ತಕ ಬಂತು, ಪರದೇಶಿ ಮರೆತುಹೋದ. ಅದೇ ಬೇರಿನ ‘ಪರೋಕಿಯಲ್’ ಎಂಬ ಇಂಗ್ಲಿಷ್ ಪದ ಇಂದು ಸಂಕುಚಿತ ಮನೋಭಾವದವರನ್ನು ಬೈಯಲು ಬಳಕೆಯಾಗುತ್ತದೆ!

ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆ ಹೊರಗಿನವನನ್ನು ಮರೆತಿಲ್ಲ. ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಕಾಯಂ ನೆಲೆಸುವ ಉದ್ದೇಶದಿಂದ ಬಂದವರಿಗೆ, ಅಥವಾ ಐದು ವರ್ಷ ಪೂರ್ತಿ ಇದ್ದವರಿಗೆ ಅಲ್ಲಿ ಸ್ಥಿರವಾಸ ಸಿಗುತ್ತದೆ. ಮೂರು ತಿಂಗಳು ಇರುವ ಉದ್ದೇಶವಿದ್ದರೆ, ಅಥವಾ ಮೂರು ತಿಂಗಳು ಇದ್ದರೆ ಅರೆವಾಸ (ನಿಯಮ 102). ಈ ಎರಡರಲ್ಲಿ ಯಾವುದಿದ್ದರೂ ಅಲ್ಲಿನ ಧರ್ಮಕೇಂದ್ರದ ಗುರುಗಳು ಅವರ ಗುರುಗಳು. ಎಲ್ಲಿಯೂ ನೆಲೆಯಿಲ್ಲದ ಅಲೆಮಾರಿಗೆ ಅವನು ಸದ್ಯ ಇರುವ ಸ್ಥಳದ ಗುರುಗಳೇ ಗುರುಗಳು (ನಿಯಮ 107).

ನಮ್ಮವರು ಮುಂಬಯಿಗೆ, ಗಲ್ಫಿಗೆ ಹೋಗಿ ಅಲ್ಲಿನ ಇಗರ್ಜಿಗಳಲ್ಲಿ ಕುಳಿತದ್ದು ಇದೇ ಹಕ್ಕಿನಿಂದ. ಹಾಗೆಯೇ ಬೇರೆ ರಾಜ್ಯದಿಂದ ನಮ್ಮ ಬಂದರಿಗೋ ಕಟ್ಟಡದ ಕೆಲಸಕ್ಕೋ ಬಂದು ಬಾಡಿಗೆ ಕೋಣೆಯಲ್ಲಿ ಮೂರು ತಿಂಗಳು ಕಳೆದ ಕಥೋಲಿಕ ಕುಟುಂಬಕ್ಕೆ, ವಾಳೆಯ ಪಟ್ಟಿಯಲ್ಲಿ ಹೆಸರಿರಲಿ ಇಲ್ಲದಿರಲಿ, ‘ನಿಮ್ಮದು ಯಾವ ಪ್ಯಾರಿಷ್?’ ಎಂಬ ಪ್ರಶ್ನೆಗೆ ಉತ್ತರ ನಮ್ಮ ಧರ್ಮಕೇಂದ್ರದ ಹೆಸರೇ.