ತಿರುಗುವ ಕ್ಯಾಮೆರಾ, ನಡೆಯುವ ಕ್ಯಾಮೆರಾ: ವಳ್ಳುವರ್ ಕೋಟ್ಟಂ ನಿದರ್ಶನ

ಪನೋರಮಾ ತೆಗೆಯಲು ಏನು ಕೊಳ್ಳಬೇಕೆಂದು ಕೇಳಿದರೆ ಅಂಗಡಿಯವರು ಲೆನ್ಸಿನಿಂದ ಮಾತು ತೆಗೆಯುತ್ತಾರೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆಯೊಂದಿದೆ: ಕ್ಯಾಮೆರಾ ನಿಂತಲ್ಲೇ ತಿರುಗಬೇಕೋ, ದೃಶ್ಯದ ಉದ್ದಕ್ಕೂ ನಡೆಯಬೇಕೋ? ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಕವಿ ತಿರುವಳ್ಳುವರ್ ಸ್ಮಾರಕ ವಳ್ಳುವರ್ ಕೋಟ್ಟಂನಲ್ಲಿ (1976) ಎರಡಕ್ಕೂ ಒಂದೇ ಆವರಣದಲ್ಲಿ ಉದಾಹರಣೆ ಸಿಗುತ್ತದೆ. ಒಂದು, ತಿರುವಾರೂರಿನ ತೇರಿನ ಮಾದರಿಯ 39 ಮೀಟರ್ ಎತ್ತರದ ಕಲ್ಲಿನ ರಥ. ಇನ್ನೊಂದು, ಆ ಕವಿಯ 1330 ಕುರಳುಗಳನ್ನು (ದ್ವಿಪದಿಗಳನ್ನು) ಕೊರೆದ ಪಡಸಾಲೆ.

ನಡೆಯುವ ಕ್ಯಾಮೆರಾಕ್ಕೆ ಹಳೆಯ ಮೇಲ್ಪಂಕ್ತಿಯೇ ಇದೆ. 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ ಲಿನೇಯಸ್ ಟ್ರೈಪ್, ಮುಂದೆ ಮದ್ರಾಸ್ ಪ್ರೆಸಿಡೆನ್ಸಿಯ ಸರಕಾರಿ ಛಾಯಾಗ್ರಾಹಕನಾಗಿ ಬೆಂಗಳೂರಿನಲ್ಲಿ ನೆಲೆಸಿದ. 1857ರ ಡಿಸೆಂಬರಿನಲ್ಲಿ ಎತ್ತಿನ ಗಾಡಿಗಳಲ್ಲಿ ಸಲಕರಣೆ ಹೇರಿಕೊಂಡು ಅಲ್ಲಿಂದ ದಕ್ಷಿಣಕ್ಕೆ ಹೊರಟ. ತಂಜಾವೂರಿನ ಬೃಹದೀಶ್ವರ ವಿಮಾನದ ಬುಡದಲ್ಲಿರುವ ಶಾಸನಗಳನ್ನು ಗೋಡೆಯುದ್ದಕ್ಕೂ ಸಾಗುತ್ತ ತೆಗೆದು, 21 ಮುದ್ರಿಕೆಗಳನ್ನು ಜೋಡಿಸಿ 19 ಅಡಿಗೂ ಉದ್ದದ ಸುರುಳಿ ಮಾಡಿದ. ಈ ಪ್ರವಾಸಕ್ಕೂ ಮೊದಲು ಆತ ತೆಗೆದ ಹಳೇಬೀಡು, ಬರ್ಮಾ ಚಿತ್ರಗಳ ನೆಗೆಟಿವ್ ಗಾಜಿನದಲ್ಲ, ಕಾಗದದ್ದು; ಅದಕ್ಕೆ ಕಾರಣವಿದೆ. ಒದ್ದೆ ಕೊಲೋಡಿಯನ್ ಸವರಿದ ಗಾಜನ್ನು ಆರುವ ಮೊದಲೇ ಸಂಸ್ಕರಿಸಬೇಕು, ನಮ್ಮ ಬಿಸಿಲಿಗೆ ಅದು ಬೇಗ ಆರುತ್ತದೆ. ಮೇಣದ ಕಾಗದವನ್ನು ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು, ಭಾರವೂ ಕಡಿಮೆ. ಆಕಾಶ ಮಾತ್ರ ಬರಿದಾಗಿ ಮೂಡುತ್ತಿತ್ತು; ಬರ್ಮಾದ ಚಿತ್ರಗಳಿಗೆ ಆತ ನೆಗೆಟಿವ್ ಮೇಲೆಯೇ ಕುಂಚದಿಂದ ಮೋಡ ಬರೆದ!

ರಥದ ಲೆಕ್ಕ ಬೇರೆ. ಫುಲ್‌ಫ್ರೇಮ್ ಕ್ಯಾಮೆರಾವನ್ನು ಉದ್ದುದ್ದವಾಗಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮಟ್ಟಸವಾಗಿ ನಿಲ್ಲಿಸಿದರೆ ಕಳಶದವರೆಗೂ ಹಿಡಿಯಲು 24 ಮಿ.ಮೀ. ಲೆನ್ಸಿಗೆ ಸುಮಾರು 50 ಮೀಟರ್, 50 ಮಿ.ಮೀ. ಲೆನ್ಸಿಗೆ ಸುಮಾರು 104 ಮೀಟರ್ ದೂರ ಬೇಕು. ಹತ್ತಿರದಿಂದ ಕತ್ತೆತ್ತಿದ ಕ್ಯಾಮೆರಾದಲ್ಲಿ ರಥ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಶಿಫ್ಟ್ ಲೆನ್ಸ್ ಇದಕ್ಕೆ ಮದ್ದು, ಆದರೆ ದುಬಾರಿ. 50 ಮಿ.ಮೀ. ಲೆನ್ಸಿನಲ್ಲಿ ಎರಡು ಮೂರು ಸಾಲು ಚೌಕಟ್ಟು ತೆಗೆದು ಹೊಲಿದು, ವಾಲಿಕೆಯನ್ನು ಆಮೇಲೆ ತಿದ್ದುವುದೇ ನನಗೆ ಒಪ್ಪಿಗೆ.

ಕ್ಯಾಮೆರಾವನ್ನು ಲೆನ್ಸಿನ ಒಂದೇ ಬಿಂದುವಿನ ಸುತ್ತ ತಿರುಗಿಸುವ ಟ್ರೈಪಾಡ್ ತಲೆ, ಅಂದರೆ ನೋಡಲ್ ಹೆಡ್, ಬೇಕಾಗುವುದು ಇಲ್ಲಿ, ಅದೂ ಎದುರಿಗೆ ಕೊಂಬೆಯೋ ಕಂಬವೋ ಇದ್ದಾಗ. (ಕ್ಯಾಮೆರಾ ಯಾವ ಬಿಂದುವಿನ ಸುತ್ತ ತಿರುಗಬೇಕೋ ಅದು ನೋಡಲ್ ಪಾಯಿಂಟ್ ಅಲ್ಲ, ಲೆನ್ಸಿನ ಪ್ರವೇಶರಂಧ್ರ, ತಪ್ಪು ಹೆಸರೇ ರೂಢಿಯಾಗಿದೆ.) ಬರೀ ದೂರದ ನೋಟಕ್ಕೆ ಸಾಧಾರಣ ಟ್ರೈಪಾಡ್ ಸಾಕು. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಮ್ಯಾನ್ಯುಯಲ್‌ನಲ್ಲಿಡಬೇಕು. ಪೋಲರೈಸರ್ ಬೇಡ: ಅದು ಸೂರ್ಯನಿಗೆ 90 ಡಿಗ್ರಿ ಓರೆಯ ಆಕಾಶವನ್ನೇ ಹೆಚ್ಚು ಕಪ್ಪಾಗಿಸುವುದರಿಂದ ಅಗಲದ ಚಿತ್ರದಲ್ಲಿ ಕಲೆಯಂತೆ ಕಾಣುತ್ತದೆ. ಟ್ರೈಪನ ಕುಂಚಕ್ಕಿದ್ದ ಕೆಲಸ ಹೀಗೆ ಫಿಲ್ಟರಿಗೆ ಒಪ್ಪಿಸಿದರೆ ನಡೆಯದು. ಏಸಿ ಕಾರಿನಿಂದ ಇಳಿದ ಕೂಡಲೇ ಚೆನ್ನೈನ ತೇವದ ಗಾಳಿಗೆ ಲೆನ್ಸ್ ಮಂಜುಗಟ್ಟುತ್ತದೆ. ಚೀಲ ಮುಚ್ಚಿಟ್ಟು ಕಾಲು ಗಂಟೆಯಾದರೂ ಕಾಯಬೇಕು.

ಪಡಸಾಲೆಯಲ್ಲಿ ಆ ನೋಡಲ್ ಹೆಡ್ ಬರೀ ಹೊರೆ. ಕಲ್ಲಿನಿಂದ ದೂರ ಬದಲಾಗದಂತೆ ಪಕ್ಕಕ್ಕೆ ಸರಿಯಬೇಕು. ಎರಡು ಮೀಟರ್ ದೂರದಲ್ಲಿ ಉದ್ದುದ್ದ ಹಿಡಿದ 50 ಮಿ.ಮೀ. ಲೆನ್ಸ್ 96 ಸೆಂ.ಮೀ. ಅಗಲ ಹಿಡಿಯುತ್ತದೆ, ಮೂರನೇ ಒಂದು ಪಾಲು ಮೇಲೆಬೀಳುವಂತೆ ಹೆಜ್ಜೆಗೆ 64 ಸೆಂ.ಮೀ. ಸಾಲು ತಪ್ಪದಿರಲು ನೆಲಕ್ಕೆ ಹಾಸಿದ ಹಗ್ಗ ಸಾಕು. ಹೊಲಿಗೆ ಮಾತ್ರ ಚಪ್ಪಟೆ ಕಲ್ಲಿನ ಮೇಲೆ ಬೀಳಬೇಕು. ಮುಂಚಾಚಿದ ಕಂಬದ ಅಂಚಿಗೆ ಬಿದ್ದರೆ ಅಲ್ಲಿನ ಅಕ್ಷರ ಎರಡಾಗುತ್ತದೆ.