ಹೇಳದೆ ಬಂದ ನೆಂಟರು ಮತ್ತು ಮಲೆನಾಡಿನ ಅಟ್ಟ



ಇತಿಹಾಸವೆಂದೊಡನೆ ನಿಮಗೆ ಅರಮನೆ, ಕೋಟೆ, ಯುದ್ಧಗಳು ನೆನಪಾಗುವುದು ಸಹಜ. ಇಂದು ನಾವು ಒಂದು ಅಡುಗೆಮನೆಯ ಅಟ್ಟವನ್ನು ಹತ್ತೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಒಲೆಯ ನೇರ ಮೇಲೆ, ಹೊಗೆ ಹಿಡಿದು ಕಪ್ಪಾದ ಈ ಅಟ್ಟ ಇರುತ್ತಿತ್ತು. ನಡು ಮಳೆಗಾಲದಲ್ಲಿ, ಸಂಜೆ ಹೊತ್ತಿಗೆ ಕಂಬಳಿಕೊಪ್ಪೆ ಕೊಡವುತ್ತ ನಾಲ್ಕು ಜನ ನೆಂಟರು ಅಂಗಳಕ್ಕೆ ಬಂದು ನಿಂತರೆಂದು ಊಹಿಸಿಕೊಳ್ಳಿ. ಅಂಗಡಿ ಹತ್ತಾರು ಮೈಲಿ ದೂರ. ದಾರಿಯಲ್ಲಿ ತುಂಬಿದ ಹಳ್ಳ. ಆದರೂ ಅವರು ಕೈಕಾಲು ತೊಳೆದು ಬೆಲ್ಲ ನೀರು ಕುಡಿದು, ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಊಟ ಸಿದ್ಧವಾಗುತ್ತಿತ್ತು. ಹೇಗೆ?

ಮೊದಲು ಮಳೆಯ ಲೆಕ್ಕ ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಒಣಗಿಸುವಂತಿಲ್ಲ, ಸಂತೆಗೆ ಹೋಗುವುದೂ ಕಷ್ಟ. ಮನೆಗಳೋ ಊರಾಗಿ ಸೇರಿಕೊಂಡವಲ್ಲ; ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ. ಆದ್ದರಿಂದ ನಾಲ್ಕು ತಿಂಗಳ ಉಣಿಸನ್ನು ಏಪ್ರಿಲ್, ಮೇ ತಿಂಗಳಲ್ಲೇ ಕೂಡಿಡಬೇಕಾಗಿತ್ತು. ಆ ಸಂಗ್ರಹದಲ್ಲಿ ಮನೆಯವರ ಪಾಲಿನ ಜೊತೆಗೆ, ಇನ್ನೂ ಬಾರದ ನೆಂಟರ ಪಾಲೂ ಸೇರಿರುತ್ತಿತ್ತು.

ಏನೇನಿರುತ್ತಿತ್ತು? ಬೇಯಿಸಿದ ಹಲಸಿನ ಸೊಳೆಯನ್ನು ಮೆಣಸು, ಕೊತ್ತಂಬರಿಯೊಡನೆ ಕುಟ್ಟಿ ಒತ್ತಿದ ಹಪ್ಪಳ, ಸಂಡಿಗೆ, ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ ಮೊಗೆಕಾಯಿ, ಉಪ್ಪುನೀರಿನಲ್ಲಿಟ್ಟ ಕಳಲೆ, ಒಣಗಿಸಿದ ಮುರುಗಲು, ವಾಟೆಹುಳಿ, ನೆಲ್ಲಿಚಟ್ಟು, ಜೋನಿಬೆಲ್ಲ, ಅವಲಕ್ಕಿ. ಮಾಂಸಾಹಾರಿಗಳ ಮನೆಗಳಲ್ಲಿ ಘಟ್ಟ ಹತ್ತಿ ಬಂದ ಒಣಮೀನು. ಎಲ್ಲಕ್ಕೂ ಮಿಗಿಲಾಗಿ, ಭರಣಿಗಳಲ್ಲಿ ಅಪ್ಪೆಮಿಡಿ.

ಈ ಅಪ್ಪೆಮಿಡಿಯ ಬಳಿ ಸ್ವಲ್ಪ ನಿಲ್ಲೋಣ. ಇದು ಶರಾವತಿಯಂಥ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಗಾಯಿ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಮರಗಳಿಗೂ ಹೆಸರುಗಳುಂಟು. ಮಿಡಿಯನ್ನು ನೆಲಕ್ಕೆ ಬೀಳದಂತೆ, ತೊಟ್ಟು ಸಮೇತ ಕೊಯ್ಯಬೇಕು, ಪೆಟ್ಟಾದದ್ದು ಕೊಳೆಯುತ್ತದೆ. ಕಲ್ಲುಪ್ಪಿನೊಡನೆ ಪದರ ಪದರವಾಗಿ ತುಂಬಿಟ್ಟರೆ ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ, ಮಿಡಿ ಚಿರುಟುತ್ತದೆ. ನೀವು ವಿಜ್ಞಾನದ ಪಾಠದಲ್ಲಿ ಓದುವ ಪರಾಸರಣ ಇದೇ. ಸೂಕ್ಷ್ಮಜೀವಿಗಳಿಗೆ ಬದುಕಲು ನೀರೇ ಸಿಗದಂತಾದಾಗ ಕೊಳೆಯುವಿಕೆ ನಿಲ್ಲುತ್ತದೆ. ಒಲೆಯ ಮೇಲಿನ ಅಟ್ಟದ ಕೆಲಸವೂ ಇದೇ ಜಾತಿಯದು: ಬಿಸಿ, ಹೊಗೆಗಳಿಂದ ಹಪ್ಪಳದ ಡಬ್ಬಿಗೆ ತೇವ ತಾಗದಂತೆ ಕಾಯುವುದು.

ನೆಂಟರು ಬಂದಾಗ ಉಪ್ಪಿನ ಮಿಡಿಯೊಂದನ್ನು ಹಿಚುಕಿ, ನೀರು ಬೆರೆಸಿ, ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಅನ್ನ ಬಾಗುವುದರೊಳಗೆ ಅದು ಮುಗಿದಿರುತ್ತದೆ. ನೆಲ್ಲಿಚಟ್ಟು ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ. ಕೆಂಡದ ಮೇಲೆ ಎರಡು ಹಪ್ಪಳ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಮಾತ್ರ ಇಷ್ಟು ಅವಸರಕ್ಕೆ ಒದಗುವುದಿಲ್ಲ. ಅದನ್ನು ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಬೇಕು. ಅದು ರಾತ್ರಿ ಉಳಿಯುವ ನೆಂಟರಿಗೆ.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. ಇಷ್ಟೆಲ್ಲ ನಿಂತಿರುವುದು ಉಪ್ಪಿನ ಮೇಲೆ. ಮಲೆನಾಡಿನಲ್ಲಿ ಉಪ್ಪು ಹುಟ್ಟುವುದೇ ಇಲ್ಲ! ಅದು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಮೆಣಸು, ಅಡಿಕೆ ಕೆಳಕ್ಕೆ ಇಳಿದ ದಾರಿಗಳಲ್ಲೇ ಉಪ್ಪು ಮೇಲೇರಿತು. ಈ ಘಟ್ಟದಾರಿಗಳನ್ನು ಆಳಿದವರು ಕೆಳದಿಯ ನಾಯಕರು. ಅವರ ರಾಜಧಾನಿಗಳಾದ ಕೆಳದಿ, ಇಕ್ಕೇರಿ ಇಂದಿನ ಸಾಗರ ತಾಲ್ಲೂಕಿನಲ್ಲೂ, ಬಿದನೂರು ಅಂದರೆ ನಗರ ಹೊಸನಗರ ತಾಲ್ಲೂಕಿನಲ್ಲೂ, ಅವರ ದುರ್ಗಮ ಕೋಟೆ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಇವೆ.

1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಬಂದ. ಆಗ ಆಳುತ್ತಿದ್ದವನು ವೆಂಕಟಪ್ಪನಾಯಕ. ಅರಮನೆಯಿಂದ ರಾಯಭಾರಿಯ ಬಿಡಾರಕ್ಕೆ ಕಬ್ಬು, ಹಣ್ಣು, ಸಕ್ಕರೆ ಮೊದಲಾದ ತಿನಿಸುಗಳು ಬಂದವೆಂದೂ, ತಾನು ಲಿಂಗವಂತನಾದ್ದರಿಂದ ಮಾಂಸಕ್ಕಾಗಿ ಪ್ರಾಣಿಗಳನ್ನು ಕಳಿಸಲಿಲ್ಲವೆಂದು ನಾಯಕ ಹೇಳಿಸಿದನೆಂದೂ ಅವನು ಬರೆದಿದ್ದಾನೆ. ಆದರೆ ಈ ನೆಂಟರು ಹೇಳಿ ಬಂದವರು. ಹೇಳದೆ ಬಂದವನು ಬೇರೊಬ್ಬ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು, ವೇಷ ಮರೆಸಿ ಜಿಂಜಿಯತ್ತ ಹೋಗುವಾಗ ಕೆಳದಿ ರಾಜ್ಯದ ಆಶ್ರಯ ಬೇಡಿದ. ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು, ಮುಂದಕ್ಕೆ ಸಾಗಿಸಿದಳು. ಪ್ರತಿಯಾಗಿ ಔರಂಗಜೇಬನ ಸೇನೆಯನ್ನು ಎದುರಿಸಬೇಕಾಯಿತು. ಒಬ್ಬ ಅತಿಥಿಗಾಗಿ ರಾಜ್ಯವನ್ನೇ ಪಣಕ್ಕೊಡ್ಡಿದ ಈ ಕಥೆ ನಿಮ್ಮ ಪಠ್ಯದಲ್ಲಿ ಇರಬಹುದು. ಅಂದು ಆ ಅತಿಥಿಗೆ ಬಡಿಸಿದವರ ಹೆಸರುಗಳು ಯಾವ ಪಠ್ಯದಲ್ಲೂ ಇಲ್ಲ. ಇತಿಹಾಸದ ಈ ಮರೆವು ನನಗೆ ಸಣ್ಣದೆನಿಸುವುದಿಲ್ಲ. ಶಿವಪ್ಪನಾಯಕನ ಶಿಸ್ತು ಗದ್ದೆ ತೋಟಗಳನ್ನು ಅಳೆಯಿತು. ಮೇ ತಿಂಗಳ ಬಿಸಿಲಲ್ಲಿ ಹಪ್ಪಳ ಒತ್ತಿದ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗೆಂದು ಎಲ್ಲ ಮನೆಗಳ ಅಟ್ಟವೂ ತುಂಬಿರುತ್ತಿತ್ತೆಂದು ತಿಳಿಯಬೇಡಿ. ಗೇಣಿದಾರನು ತಾನು ಬೆಳೆದ ಭತ್ತದ ದೊಡ್ಡ ಪಾಲನ್ನು ಒಡೆಯನ ಕಣಜಕ್ಕೆ ಅಳೆದ ಮೇಲೆ, ತನ್ನ ಮಕ್ಕಳಿಗೇ ಮಳೆಗಾಲ ಕಳೆಯುವುದು ಕಷ್ಟ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ರೈತ ಸತ್ಯಾಗ್ರಹದ ಬೇರಿನಲ್ಲಿದ್ದದ್ದು ಇದೇ ಅಳತೆಯ ಕೊಳಗ. ಗೇಣಿ ಅಳೆಯಲು ಒಡೆಯರು ದೊಡ್ಡ ಕೊಳಗ ಬಳಸುತ್ತಾರೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೊಡ್ಡಮನೆಯ ಆತಿಥ್ಯವನ್ನು ಹೊಗಳುವಾಗ ಆ ಅನ್ನದ ಅಕ್ಕಿ ಯಾವ ಕೊಳಗದಲ್ಲಿ ಅಳೆದು ಬಂದದ್ದು ಎಂದು ಕೇಳಲೇಬೇಕು. 1974ರ ಭೂಸುಧಾರಣೆಯ ನಂತರ ಉಳುವವನ ಕಣಜದಲ್ಲೂ ನೆಂಟರ ಪಾಲಿಗೆ ಜಾಗವಾಯಿತು.

ಇನ್ನು ಫ್ರಿಜ್ಜಿನ ಕಾಲ. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಜನ ಭರಣಿಗಳನ್ನು ಹೊತ್ತೊಯ್ಯಬಹುದಿತ್ತು. ಹೊಳೆದಂಡೆಯ ಅಪ್ಪೆಮರಗಳನ್ನು ಹೊತ್ತೊಯ್ಯುವುದು ಹೇಗೆ? ಉಳಿದ ತಳಿಗಳನ್ನು ಕೆಲವು ಆಸಕ್ತ ಕೃಷಿಕರು ಕಸಿ ಕಟ್ಟಿ ಉಳಿಸಿಕೊಂಡರು. ಇಂದು ಅದೇ ಮನೆತನಗಳ ಫ್ರೀಜರಿನಲ್ಲಿ ಹಲಸಿನ ಸೊಳೆ, ತುರಿದ ಕಾಯಿ ತಣ್ಣಗೆ ಮಲಗಿವೆ. ಚಳಿ ಸೂಕ್ಷ್ಮಜೀವಿಗಳನ್ನು ತಡೆದು ನಿಲ್ಲಿಸುತ್ತದೆ, ಕೊಲ್ಲುವುದಿಲ್ಲ; ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಮತ್ತೆ ಭರಣಿಯೇ ಗತಿ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ವಸ್ತುಸಂಗ್ರಹಾಲಯವಾಗಿದೆ. ಹೋದಾಗ ಹಳೆಯ ಅಡುಗೆಮನೆಯ ಪಾತ್ರೆಪರಡಿಗಳ ಗಾತ್ರವನ್ನೊಮ್ಮೆ ನೋಡಿ ಬನ್ನಿ.

ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗಕ್ಕೆ ಹೋದ ನೆಂಟರು ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅಲ್ಲೇ ಉಳಿಯಬೇಕಾಗುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಈಗ ನೆಂಟರು ಮಧ್ಯಾಹ್ನ ಉಂಡು, ಕತ್ತಲಾಗುವ ಮೊದಲೇ ಕಾರಿನಲ್ಲಿ ಹಿಂತಿರುಗಬಹುದು. ಉಪ್ಪಿನ ಸೊಳೆಯನ್ನು ರಾತ್ರಿಯೇ ನೆನೆಹಾಕುವ ಸಂದರ್ಭ ಅಪರೂಪವಾಗಿದೆ.